ಬಿರುಗಾಳಿಯ ವಿದ್ಯುತ್ ಕಡಿತ: ದೂರಿನ ವಿವರ ಕಳುಹಿಸುವ ಬಗ್ಗೆ

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಮೊನ್ನೆಯ ಬಿರುಗಾಳಿಯಲ್ಲಿ ಮರ ಬಿದ್ದು ತಂತಿ ತುಂಡಾದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಗಾಳಿಮಳೆಯ ನಡುವೆ ಕಂಬ ಹತ್ತುವ ಲೈನ್‌ಮನ್‌ಗಳ ಮೇಲೆ ನಮಗೆ ಗೌರವವೇ ಇದೆ. ಆದರೆ ವಿದ್ಯುತ್ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದವರಿಗೆಲ್ಲ ‘ಇನ್ನು ಎರಡು ಗಂಟೆಯಲ್ಲಿ ಬರುತ್ತದೆ’ ಎಂಬ ಒಂದೇ ಉತ್ತರವನ್ನು ಇಡೀ ರಾತ್ರಿ ಕೊಡುತ್ತಾ ಹೋದದ್ದು, ದೋಷ ಸರಿಯಾಗುವ ಮೊದಲೇ ದೂರುಗಳನ್ನು ‘ಪರಿಹರಿಸಲಾಗಿದೆ’ ಎಂದು ಮುಚ್ಚಿಬಿಟ್ಟದ್ದು ಖಂಡಿತ ಒಪ್ಪುವಂಥದ್ದಲ್ಲ. ಮನೆಯಲ್ಲಿ ಆಮ್ಲಜನಕದ ಯಂತ್ರವನ್ನೋ ಫ್ರಿಜ್‌ನಲ್ಲಿ ಇನ್ಸುಲಿನ್ನನ್ನೋ ಇಟ್ಟುಕೊಂಡವರಿಗೆ ನಿಜವಾದ ಅಂದಾಜು ಬೇಕು. ‘ನಾಳೆ ಸಂಜೆಯವರೆಗೆ ಸಾಧ್ಯವಿಲ್ಲ’ ಎಂದು ತಿಳಿಸಿದರೂ ಅವರು ಬೇರೆ ವ್ಯವಸ್ಥೆ ಮಾಡಿಕೊಳ್ಳಬಲ್ಲರು.

ದುರಸ್ತಿ ಸಾಮಾನ್ಯವಾಗಿ ಉಪಕೇಂದ್ರದಿಂದ ಆರಂಭವಾಗಿ, ಮುಖ್ಯ ಫೀಡರ್ (ಉಪಕೇಂದ್ರದಿಂದ ಊರಿನ ಭಾಗಗಳಿಗೆ ವಿದ್ಯುತ್ ಒಯ್ಯುವ ಮಾರ್ಗ), ಟ್ರಾನ್ಸ್‌ಫಾರ್ಮರ್, ಕೊನೆಗೆ ಕಂಬದಿಂದ ಮನೆಗೆ ಬರುವ ಸರ್ವಿಸ್ ತಂತಿ ಎಂಬ ಕ್ರಮದಲ್ಲಿ ಸಾಗುತ್ತದೆ. ಆದ್ದರಿಂದ ಪಕ್ಕದ ಬೀದಿಗೆ ವಿದ್ಯುತ್ ಬಂದು ನಮಗೆ ಬಾರದಿದ್ದರೆ, ನಮ್ಮ ಟ್ರಾನ್ಸ್‌ಫಾರ್ಮರ್‌ನಲ್ಲಿ ಅಥವಾ ನಮ್ಮ ತಂತಿಯಲ್ಲಿ ಬೇರೊಂದು ದೋಷ ಉಳಿದಿರಬಹುದು. ಅದನ್ನು ಹೊಸದಾಗಿ ತಿಳಿಸಲೇಬೇಕು. ಯಾರಾದರೂ ಹೇಳಿರುತ್ತಾರೆ ಎಂದು ದಯವಿಟ್ಟು ಸುಮ್ಮನಿರಬೇಡಿ.

ಪ್ರತಿಯೊಬ್ಬರೂ ತಮ್ಮ ದೂರಿನ ಸಂಖ್ಯೆ, ವಿದ್ಯುತ್ ಹೋದ ಮತ್ತು ಮರಳಿದ ಸಮಯ, ದೊರೆತ ಉತ್ತರ ಇಷ್ಟನ್ನು ಭಾನುವಾರದೊಳಗೆ ಇಲ್ಲಿ ಬರೆಯಿರಿ. ಅವನ್ನೆಲ್ಲ ಸೇರಿಸಿ ವಿದ್ಯುತ್ ಕಂಪನಿಗೆ ಲಿಖಿತ ಮನವಿ ಸಲ್ಲಿಸುತ್ತೇವೆ. ಬಿಲ್ಲಿನ ಖಾತೆ ಸಂಖ್ಯೆಯನ್ನು ಮಾತ್ರ ಗುಂಪಿನಲ್ಲಿ ಹಾಕಬೇಡಿ.

ಬಿದ್ದಿರುವ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರಿ, ನೆಲ ಒದ್ದೆಯಾಗಿದ್ದರೆ ಇನ್ನೂ ದೂರ. ಜನರೇಟರನ್ನು ಗೋಡೆಯ ಸಾಕೆಟ್‌ಗೆ ಜೋಡಿಸಲೇಬೇಡಿ. ಆ ವಿದ್ಯುತ್ ಹಿಮ್ಮುಖವಾಗಿ ಹರಿದು, ತಂತಿ ದುರಸ್ತಿ ಮಾಡುತ್ತಿರುವವರ ಜೀವ ತೆಗೆಯಬಲ್ಲದು.