ಬೆಂಗಳೂರಿನಿಂದ ಮನೆಯವರೆಗೆ

ಪ್ರೀತಿಯ ಮಗಳೇ, ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನಗೆ ಗೊತ್ತಿರುವುದೇ. ನಿನ್ನ ಕಾಗದದ ಕೊನೆಯ ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ: ‘ಅಮ್ಮನಿಗೆ ಏನಾದರೂ ಆದರೆ ವಿಮಾನದಲ್ಲಿ ಒಂದೇ ಗಂಟೆ, ಬಂದು ಮುಟ್ಟುತ್ತೇನೆ ಅಲ್ಲವಾ ದೊಡ್ಡಪ್ಪ?’

ಆ ಒಂದು ಗಂಟೆ ಏನೆಂದು ಹೇಳುತ್ತೇನೆ. ಬೆಂಗಳೂರು, ಮಂಗಳೂರು ನಿಲ್ದಾಣಗಳ ನಡುವೆ ನೇರ ಅಂತರ ಸುಮಾರು 305 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ 23 ನಿಮಿಷ ಬರುತ್ತದೆ. ಆ ಲೆಕ್ಕ ನಂಬಬೇಡ. ಇಷ್ಟು ಹತ್ತಿರದ ಊರಿಗೆ ವಿಮಾನ ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯಲು ತೊಡಗುತ್ತದೆ; 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮೀರುವಂತಿಲ್ಲ. ರನ್‌ವೇವರೆಗೆ ಉರುಳುವ ಹೊತ್ತೂ ಸೇರಿ ಟಿಕೆಟಿನಲ್ಲಿ ಒಂದು ಗಂಟೆ.

ನಿನ್ನ ರೂಮಿನಿಂದ ದೇವನಹಳ್ಳಿಗೆ ಒಂದೂವರೆ ಗಂಟೆ, ಸಂಜೆಯಾದರೆ ಎರಡು. ಅಲ್ಲಿ ಇನ್ನೊಂದೂವರೆ. ಬ್ಯಾಗು ಕೊಡುವ ಕೌಂಟರ್ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ, ಗೇಟು 25 ನಿಮಿಷ ಮೊದಲು. ಅಂಥ ದಿನ 7 ಕಿಲೋದ ಕೈಚೀಲ ಸಾಕು, ವೆಬ್ ಚೆಕ್-ಇನ್ ಮನೆಯಿಂದಲೇ ಮಾಡು. ಮಂಗಳೂರಿನ ವಿಮಾನ ನಿಲ್ದಾಣವಿರುವ ಕೆಂಜಾರಿನಲ್ಲಿ ಇಳಿದು ಪೇಟೆಗೆ ಮುಕ್ಕಾಲು ಗಂಟೆ. ಬಾಗಿಲಿಂದ ಬಾಗಿಲಿಗೆ ಐದು ಗಂಟೆ ಮಗಳೇ, ಅದೂ ಸೀಟು ಕೂಡಲೇ ಸಿಕ್ಕಿದರೆ.

ಅಜ್ಜ ಹೋದ ದಿನ ನಾನು ಬಂದು ಮುಟ್ಟಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ಮತ್ತೆ ಬರೆಯುವುದಿಲ್ಲ. ಅದಕ್ಕೇ ನಿನ್ನ ಸಾಲು ಓದಿ ನಿದ್ದೆ ಬರಲಿಲ್ಲ.

ಕೆಂಜಾರಿನದು ಗುಡ್ಡದ ನೆತ್ತಿಯ ರನ್‌ವೇ. ಆಟಿ ತಿಂಗಳ ಮಳೆಗೆ ಕಣ್ಣು ಕಾಣದಂತಾದರೆ ವಿಮಾನ ಮೇಲೆಯೇ ಸುತ್ತುಹಾಕುತ್ತದೆ, ಇಲ್ಲವೇ ಬೇರೆ ಊರಿಗೆ ತಿರುಗುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ದೇವನಹಳ್ಳಿಯ ಮಂಜು. ನಡುರಾತ್ರಿ ಫೋನು ಬಂದರೆ ಬೆಳಗಿನ ವಿಮಾನಕ್ಕೆ ಕಾಯುತ್ತಾ ಕೂರಬೇಡ, ಡ್ರೈವರ್ ಇರುವ ಕಾರು ಹಿಡಿ. ಆ ಮನಸ್ಸಿನಲ್ಲಿ ನೀನೇ ಓಡಿಸಬೇಡ. ರಸ್ತೆಯಲ್ಲಿ ಸುಮಾರು 350 ಕಿ.ಮೀ., ಏಳು ಗಂಟೆ. ಮಳೆಗಾಲವಾದರೆ ಶಿರಾಡಿ ಘಾಟಿ ತೆರೆದಿದೆಯೇ ಎಂದು ಹಾಸನ ದಾಟುವ ಮೊದಲೇ ಕೇಳಿಕೋ. ಗುಡ್ಡ ಕುಸಿದಿದ್ದರೆ ಚಾರ್ಮಾಡಿ ಸುತ್ತಬೇಕು, ಅಲ್ಲಿಯೂ ಅದೇ ಭಯ. ರೈಲನ್ನು ನೆಚ್ಚಬೇಡ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ 55 ಕಿ.ಮೀ. ಘಾಟಿ ಒಂಟಿ ಹಳಿ, ನಿಧಾನ.

ಬಂದು ಮುಟ್ಟುತ್ತೇನಾ ಎಂದು ಕೇಳಿದೆಯಲ್ಲ, ಮುಟ್ಟುತ್ತೀ. ಆದರೆ ಆ ಐದು ಗಂಟೆ ಅಮ್ಮನ ಬಳಿ ಯಾರಿರುತ್ತಾರೆ ಎಂಬುದನ್ನು ಈಗಲೇ ಗೊತ್ತುಮಾಡಿಡು. ನಾನು ಹೇಳಬಾರದೇನೋ, ಆದರೂ ಹೇಳುತ್ತೇನೆ: ಪಕ್ಕದ ಮನೆಯಲ್ಲಿ ಒಂದು ಕೀಲಿಕೈ ಕೊಟ್ಟಿರಲಿ. ಮದ್ದಿನ ಚೀಟಿಯ ಫೋಟೋ ನಿನ್ನ ಫೋನಿನಲ್ಲಿಯೂ ನನ್ನ ಫೋನಿನಲ್ಲಿಯೂ ಇರಲಿ. ಮೊದಲು 108ಕ್ಕೆ ಫೋನು, ಆಮೇಲೆ ನಿನಗೆ ಎಂದು ಅಮ್ಮನಿಗೆ ನೀನೇ ಹೇಳು, ನನ್ನ ಮಾತು ಅವಳು ಕೇಳುವುದಿಲ್ಲ.

ನಾನು ಉರ್ವದಿಂದ ಇಪ್ಪತ್ತು ನಿಮಿಷದಲ್ಲಿ ಅಲ್ಲಿರುತ್ತೇನೆ. ರಾತ್ರಿ ಫೋನು ಸೈಲೆಂಟಿಗೆ ಹಾಕುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ