ಶನಿವಾರದ ಕಪ್ಪು ಐಪಿಎ ಕೂಟ: ಸದಸ್ಯರ ಗಮನಕ್ಕೆ

ಪೋರ್ಟ್‌ಲ್ಯಾಂಡಿನ ಆತ್ಮೀಯ ಕನ್ನಡ ಗೆಳೆಯರೆ, ನಮಸ್ಕಾರ.

ಅಮೆರಿಕದ ನಮ್ಮ ಈ ವಾಯವ್ಯ ಸೀಮೆಯಲ್ಲಿ ‘ಕ್ಯಾಸ್ಕೇಡಿಯನ್ ಡಾರ್ಕ್ ಏಲ್’ ಎಂದೂ ಕರೆಯಲಾಗುವ ಕಪ್ಪು ಐಪಿಎ (ಇಂಡಿಯಾ ಪೇಲ್ ಏಲ್) ಬಿಯರಿನ ರುಚಿ ನೋಡಲು ಈ ಶನಿವಾರ ಸಂಜೆ 5 ಗಂಟೆಗೆ ನಮ್ಮ ಮನೆಯಲ್ಲಿ ಸೇರೋಣ. 21 ವರ್ಷ ತುಂಬಿದವರಿಗೆ ಮಾತ್ರ ಅವಕಾಶ.

ಬಣ್ಣ ನೋಡಿ ಇದನ್ನು ಸ್ಟೌಟ್ ಎಂಬ ಕಪ್ಪು ಬಿಯರು ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಸಿಪ್ಪೆ ತೆಗೆದು ಹುರಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬಳಸುವುದರಿಂದ ಬಿಯರು ಕಪ್ಪಾದರೂ ಸುಟ್ಟ ಕಹಿ ಮುಂದೆ ಬರುವುದಿಲ್ಲ. ಮೂಗಿಗೆ ಮೊದಲು ತಾಗುವುದು ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನ ಪೈನ್ ಮರದ, ಕಿತ್ತಳೆ ಸಿಪ್ಪೆಯ ಪರಿಮಳ. ತೀರಾ ತಣ್ಣಗಿದ್ದರೆ ಅದು ಅಡಗಿಬಿಡುತ್ತದೆ. ಆದ್ದರಿಂದ ಕ್ಯಾನ್‌ಗಳನ್ನು ಫ್ರಿಜ್‌ನಿಂದ ಮೊದಲೇ ಹೊರಗಿಟ್ಟು, ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ತಲಾ 100 ಮಿಲಿಲೀಟರ್‌ನಂತೆ ಸುರಿಯುತ್ತೇನೆ.

ತಿನಿಸು ತರುವವರಲ್ಲಿ ಒಂದು ಕೋರಿಕೆಯಿದೆ. ಹಾಪ್ಸ್‌ನ ಕಹಿಯು ಮೆಣಸಿನಕಾಯಿಯ ಖಾರವನ್ನು ಇನ್ನಷ್ಟು ಕೆರಳಿಸುವುದರಿಂದ ದಯವಿಟ್ಟು ಖಾರ ಕಡಿಮೆ ಮಾಡಿ. ಕೆಂಡದಲ್ಲಿ ಸುಟ್ಟ ಮಾಂಸ, ಹುರಿದ ಅಣಬೆ, ನೀಲಿ ಚೀಸ್ ಚೆನ್ನಾಗಿ ಹೊಂದುತ್ತವೆ. ಮಸಾಲೆಯನ್ನು ಕಪ್ಪಗೆ ಹುರಿದು ಕಾಚಂಪುಳಿ (ಕಪ್ಪು ಹಣ್ಣಿನ ಹುಳಿ) ಹಾಕಿದ ಕೊಡಗಿನ ಪಂದಿ ಕರಿಯಂತೂ ನನ್ನ ಮಟ್ಟಿಗೆ ಇದರ ಅತ್ಯುತ್ತಮ ಜೋಡಿ.

ಬರುವವರು ತಾವು ತರುವ ತಿನಿಸಿನ ಹೆಸರಿನೊಂದಿಗೆ ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ. ಕುಡಿದವರು ಕಾರು ಓಡಿಸಬಾರದು. ಮನೆಗೆ ಮರಳುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡು ಬನ್ನಿ.