ನಮಗೆ ಯಾರಾದರೂ ಗೊತ್ತಾ?

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಿನ್ನೆಯೇ ನಿಮ್ಮ ಕೈ ಸೇರಬೇಕಿತ್ತು. ರಾತ್ರಿ ಒಂಬತ್ತೂವರೆ, ಸಂಪಾದಕೀಯದ ಜಾಗ ಇನ್ನೂ ಖಾಲಿ. ಅಷ್ಟರಲ್ಲಿ ಮಗಳು ಹೋಂವರ್ಕ್ ಹಾಳೆ ಹಿಡಿದು ಬಂದಳು. ಗೊತ್ತಿರುವ ಒಬ್ಬ ಇಮಿಗ್ರೆಂಟ್, ಅಂದರೆ ಬೇರೆ ದೇಶದಿಂದ ವಲಸೆ ಬಂದು ನೆಲೆಸಿದವರ ಬಗ್ಗೆ ಬರೆಯಬೇಕಂತೆ. “ಅಪ್ಪಾ, ನಮಗೆ ಯಾರಾದರೂ ಗೊತ್ತಾ?”

ನಕ್ಕುಬಿಟ್ಟೆ. ಆದರೆ ತಪ್ಪು ಅವಳದಲ್ಲ. ವಲಸೆ ಅಂದರೆ ನಮಗೆ ನೆನಪಾಗುವುದು ಹಕ್ಕಿ. ಬರ ಬಿದ್ದಾಗ ಗಂಟುಮೂಟೆ ಕಟ್ಟಿದವರು ಗುಳೆ ಹೋದವರು. ನಾವು ಮಾತ್ರ ಊರವರ ಬಾಯಲ್ಲಿ ‘ಅಮೆರಿಕದಲ್ಲಿದ್ದಾರೆ’. ಹೋದವರಲ್ಲ, ಇರುವವರು!

ಓದಲು ಬರುವಾಗ ತುಂಬಿದ ವೀಸಾ ಅರ್ಜಿಯ ನೆತ್ತಿಯ ಮೇಲೇ ‘ನಾನ್‌ಇಮಿಗ್ರೆಂಟ್’ ಅಂತಿತ್ತು. ಇಲ್ಲಿನ 1952ರ ವಲಸೆ ಕಾಯ್ದೆಯ 214(ಬಿ) ಕಲಮು ನಿಮಗೂ ಗೊತ್ತಲ್ವಾ? ಓದಲು, ಸುತ್ತಾಡಲು ಬರುವವರನ್ನೂ ಮೊದಲು ಇಮಿಗ್ರೆಂಟ್ ಅಂತಲೇ ಲೆಕ್ಕ ಹಿಡಿಯುತ್ತಾರೆ. ಅಲ್ಲ ಅಂತ ತೋರಿಸುವ ಪಾಡು ನಮ್ಮದು. ಅದಕ್ಕೇ ಅಪ್ಪ ಮನೆಪತ್ರ, ಪಹಣಿ, ಪಾಸ್‌ಬುಕ್ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿಗೆ ತುರುಕಿ, ರಾತ್ರಿ ರೈಲಿನಲ್ಲಿ ಚೆನ್ನೈವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಗಾಜಿನಾಚೆಯ ಅಧಿಕಾರಿ ಫೈಲು ಮುಟ್ಟಲೇ ಇಲ್ಲ. ಓದು ಮುಗಿದ ಮೇಲೆ ಏನು ಮಾಡ್ತೀಯ ಅಂತ ಕೇಳಿದರು. ವಾಪಸ್ ಬರ್ತೀನಿ ಅಂದೆ. ಸುಳ್ಳು ಹೇಳಿರಲಿಲ್ಲ, ಅವತ್ತಿಗೆ ಅದು ನಿಜವೇ. ಹೊರಗೆ ಬಿಸಿಲಲ್ಲಿ ನಿಂತಿದ್ದ ಅಪ್ಪ, ವೀಸಾ ಸಿಕ್ಕಿತಾ ಅಂತ ಕೇಳಲಿಲ್ಲ. “ಪಹಣಿ ನೋಡಿದರಾ?” ಅಂದರು.

ಆಮೇಲೆ ಕೆಲಸಕ್ಕೆ ಅಂತ ಕೊಡುವ ಎಚ್-1ಬಿ. ಅದೂ ನಾನ್‌ಇಮಿಗ್ರೆಂಟ್ ವೀಸಾನೇ. ಮನೆ ಕೊಂಡೆ, ಮಗಳು ಹುಟ್ಟಿದಳು, ಕಾಗದದಲ್ಲಿ ಮಾತ್ರ ಇಮಿಗ್ರೆಂಟ್ ಆಗಿರಲಿಲ್ಲ. ಗ್ರೀನ್ ಕಾರ್ಡ್ ಬಂತು, ಕಾನೂನಿನ ಲೆಕ್ಕದಲ್ಲಿ ಆದೆ. ಕಾರ್ಡಿನ ಮೇಲೆ ನೋಡಿದರೆ ‘ಪರ್ಮನೆಂಟ್ ರೆಸಿಡೆಂಟ್’! ನಮ್ಮ ಸಭೆಗಳಲ್ಲಿ ನಾವು ಎನ್ನಾರೈಗಳು. ಇಲ್ಲಿಯವರು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಎಕ್ಸ್‌ಪ್ಯಾಟ್. ಇಮಿಗ್ರೆಂಟ್ ಅನ್ನುವ ಪದವನ್ನು ಟೀವಿಯಲ್ಲಿ ಕಾಣುವ ಯಾರಿಗೋ, ಗಡಿ ದಾಟಿ ಬಂದವರಿಗೆ ಬಿಟ್ಟುಕೊಟ್ಟು ಸುಮ್ನೆ ಕೂತಿದ್ದೇವೆ. ಮನೆಯಲ್ಲಿ ನಾನೂ ಹಾಗೇ ಮಾತಾಡಿದ್ದೇನೆ. ಇಲ್ಲದಿದ್ದರೆ ಮಗಳು ಹಾಗೆ ಕೇಳುತ್ತಿದ್ದಳಾ?

ಅಯ್ಯೋ, ಪ್ರಕಟಣೆಗಳು! ಶನಿವಾರದ ಕನ್ನಡ ತರಗತಿ ಇನ್ಮೇಲೆ ಹತ್ತೂವರೆಗೆ. ರಾಜ್ಯೋತ್ಸವದ ನಾಟಕಕ್ಕೆ ಹೆಸರು ಕೊಡಲು ಈ ಭಾನುವಾರವೇ ಕೊನೆ; ಗಂಡಸರ ಪಾತ್ರಕ್ಕೆ ಜನವೇ ಇಲ್ಲ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಕಟ್ಟಿ. ಹಾಗೇ, ಪ್ರೂಫ್ ನೋಡಲು ಒಬ್ಬರಾದರೂ ಬನ್ನಿ. ಮೂರು ಸಂಚಿಕೆಯಿಂದ ಒಬ್ಬನೇ ಒದ್ದಾಡುತ್ತಿದ್ದೇನೆ. ಹೋದ ಸಲ ಅಧ್ಯಕ್ಷರ ಹೆಸರೇ ತಪ್ಪಾಗಿತ್ತು, ಅವರಿನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಇಲ್ಲಿಗೇ ನಿಲ್ಲಿಸುತ್ತೇನೆ. ಪಹಣಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಮಗಳು ಕೇಳುತ್ತಿದ್ದಾಳೆ.

— ಸಂಪಾದಕ